ಹೆಸರು ನಮ್ಮದು, ಬಿಲ್ಲು ಯಾರದು?



ನಾಳೆ ಬೆಳಿಗ್ಗೆ ಹಾಸ್ಟೆಲಿನ ಊಟದ ಮನೆಯಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಒಂದು ಕೆಲಸ ಮಾಡಿ. ಉಪ್ಪಿಟ್ಟನ್ನ ಬೈಯೋದು ಇದ್ದದ್ದೇ, ಅದನ್ನು ಒಂದು ದಿನ ಬಿಡಿ. ಆ ರವೆ ಕೊಟ್ಟವನು ಯಾರು, ಬೇಳೆ ಯಾವ ಅಂಗಡಿಯದು, ಮೊಟ್ಟೆ ತರೋ ಆಟೋ ಯಾರದು, ನೀವು ಮಲಗೋ ಮಂಚ ಎಲ್ಲಿಂದ ಬಂತು, ಮಳೆ ಬಂದರೆ ಸೋರೋ ಈ ಕಟ್ಟಡ ಕಟ್ಟಿದ ಪುಣ್ಯಾತ್ಮ ಯಾರು ಅಂತ ವಾರ್ಡನ್ನರನ್ನ ಕೇಳಿ. ಒಂದೊಂದಕ್ಕೂ ಒಂದು ಹೆಸರು ಸಿಗುತ್ತೆ. ಹಾಳೆ ಮೇಲೆ ಬರ್ಕೊಳ್ಳಿ. ನಮ್ಮ ಹೊಟ್ಟೆಗೆ, ನಮ್ಮ ಬೆನ್ನಿಗೆ ಅಂತ ಮಂಜೂರಾದ ಹಣ ಯಾರ ಗಲ್ಲಾಪೆಟ್ಟಿಗೆಗೆ ಹೋಗಿ ಬೀಳ್ತಾ ಇದೆ ಅನ್ನೋದು ಆ ಒಂದು ಹಾಳೆಯಲ್ಲಿರುತ್ತೆ.

ಗುತ್ತಿಗೆ ಅಂದ ಕೂಡಲೇ ನಮ್ಮಲ್ಲಿ ಹಲವರ ಮೈ ಉರಿಯುತ್ತೆ. ಉರಿಯಬೇಕಾದದ್ದೇ. ಗುತ್ತಿಗೆದಾರ ಅಂದರೆ ನಮ್ಮ ಅವ್ವಂದಿರ ಕೂಲಿಯಲ್ಲಿ ಮುರ್ಕೊಂಡವನು, ಜಲ್ಲಿ ಹೊತ್ತ ತಲೆಗೆ ಸಂಜೆ ಲೆಕ್ಕ ತಪ್ಪಿಸಿದವನು. ಚಳುವಳಿಯವರು ಈಗ ಕಂಟ್ರಾಕ್ಟರಿಕೆ ಪಾಠ ಹೇಳೋಕೆ ಕೂತರಾ ಅಂತ ಹಿರಿಯರು ಗೊಣಗಬಹುದು. ಅವರಿಗೆ ನಾವು ಬಾಬಾಸಾಹೇಬರನ್ನೇ ತೋರಿಸ್ತೀವಿ. 1942ರಲ್ಲಿ ವೈಸರಾಯ್ ಲಿನ್‌ಲಿತ್‌ಗೋಗೆ ಪರಿಶಿಷ್ಟರ ಕುಂದುಕೊರತೆಗಳ ಮನವಿ ಕೊಟ್ಟಾಗ, ನೌಕರಿ ಮತ್ತು ಶಿಕ್ಷಣದ ಮಾತಿನ ಜೊತೆಗೇ ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆಗಳ ಮಾತನ್ನೂ ಅವರು ಎತ್ತಿದ್ದರು. ನಮ್ಮವರು ಕಲ್ಲು ಹೊರೋದಕ್ಕೆ ಮಾತ್ರ ಇದ್ದಾರೆ, ಕಂಟ್ರಾಕ್ಟು ಹಿಡಿಯೋ ಕಡೆ ಇಲ್ಲ ಅನ್ನೋದು ಆವತ್ತೇ ಅವರ ಕಣ್ಣಿಗೆ ಬಿದ್ದಿತ್ತು. ನಾವು ನೌಕರಿಯ ಮಾತು ಹಿಡ್ಕೊಂಡೆವು, ಗುತ್ತಿಗೆಯ ಮಾತು ಮರೆತೆವು.

ಮರೆಯದೆ ಇದ್ದವರೂ ಇದ್ದಾರೆ. ಆದರೆ ಅವರು ನಮ್ಮವರಲ್ಲ.

ಇಲ್ಲಿ ಒಬ್ಬ ಗೆಳೆಯನ ಕತೆ ಹೇಳಲೇಬೇಕು. ಹೆಸರು ಬೇಡ. ನಮ್ಮ ಜೊತೆ ಒಂದೇ ಹಾಸ್ಟೆಲಿನಲ್ಲಿ ಉಂಡವನು, ಸಿವಿಲ್ ಡಿಪ್ಲೊಮಾ ಮಾಡಿದವನು. ಎರಡು ವರ್ಷ ಕೆಲಸ ಸಿಗಲಿಲ್ಲ. ಊರಿನ ದೊಡ್ಡ ಕಂಟ್ರಾಕ್ಟರು ಕರೆದು ಕೂರಿಸಿ ಕಾಫಿ ಕೊಟ್ಟರು. ಅವರ ಮನೆ ಒಳಗೆ ಕೂತು ಕಾಫಿ ಕುಡಿದದ್ದು ಅವನ ವಂಶದಲ್ಲೇ ಮೊದಲು. ‘ನಿನ್ನ ಹೆಸರಲ್ಲಿ ಲೈಸೆನ್ಸ್ ಮಾಡಿಸೋಣ ಕಣಪ್ಪಾ, ಖರ್ಚೆಲ್ಲ ನಂದೇ. ನೀನು ಏನೂ ಮಾಡ್ಬೇಡ. ಕೆಲಸಕ್ಕೆ ಇಷ್ಟು ಅಂತ ನಿನ್ನ ಮನೆಗೆ ಬರುತ್ತೆ’ ಅಂದರು. ಜಾತಿ ಪ್ರಮಾಣಪತ್ರ ಅವನದು, ಪಾನ್ ಕಾರ್ಡು ಅವನದು, ಬ್ಯಾಂಕಿನ ಖಾತೆ ಅವನದು. ಡಿಜಿಟಲ್ ಸಹಿಯ ಟೋಕನ್ನು, ಓಟಿಪಿ ಬರೋ ಸಿಮ್ಮು, ಸಹಿ ಹಾಕಿದ ಖಾಲಿ ಚೆಕ್ಕುಗಳು ಮಾತ್ರ ಧಣಿಗಳ ಬೀರುವಿನಲ್ಲಿ. ಮೀಸಲು ಕಾಮಗಾರಿ ಒಂದರ ಮೇಲೊಂದು ಬಂತು. ಅವನಿಗೆ ನೂರಕ್ಕೆ ಎರಡು ಸಿಕ್ಕಿತು, ಒಂದು ಬೈಕೂ ಬಂತು. ಆ ಬೈಕಿನ ಹಿಂದೆ ಕೂತು ಸಭೆಗಳಿಗೆ ಹೋದವರು ನಾವೂ ಇದ್ದೇವೆ. ಎಲ್ಲಿಂದ ಬಂತು ಅಂತ ಒಬ್ಬರೂ ಕೇಳಲಿಲ್ಲ.

ಮೂರನೇ ವರ್ಷ ಜಿ.ಎಸ್.ಟಿ. ನೋಟೀಸು ಬಂತು, ಅವನ ಹೆಸರಿಗೆ. ಒಂದು ರಸ್ತೆ ಕಿತ್ತು ಹೋಯ್ತು ಅಂತ ಇಲಾಖೆಯ ನೋಟೀಸು ಬಂತು, ಅದೂ ಅವನ ಹೆಸರಿಗೆ. ಧಣಿಗಳು ಆಗ ಊರಲ್ಲಿರಲಿಲ್ಲ. ಸಿಕ್ಕಾಗ ಹೇಳಿದ್ದು ಒಂದೇ ಮಾತು: ‘ಸಹಿ ನಿಂದಲ್ವೇನಪ್ಪಾ?’

ಅವನ ಅಜ್ಜ ಹೆಬ್ಬೆಟ್ಟು ಒತ್ತಿ ಜೀತಕ್ಕೆ ಬಿದ್ದವನು. ಮೊಮ್ಮಗ ಇಂಗ್ಲಿಷಿನಲ್ಲಿ ಸಹಿ ಹಾಕಿ ಬಿದ್ದ. ಬೇನಾಮಿ ಅಂದರೆ ಹೆಸರಿಲ್ಲದ್ದು. ಆದರೆ ಇಲ್ಲಿ ಹೆಸರಿದೆ, ನಮ್ಮದೇ ಹೆಸರಿದೆ. ಹೆಸರಿನ ಹಿಂದೆ ದುಡ್ಡು ಇಲ್ಲ, ಲೆಕ್ಕ ಇಲ್ಲ, ಕೆಲಸ ಇಲ್ಲ, ಅಷ್ಟೇ. ಲೈಸೆನ್ಸನ್ನ ಬಾಡಿಗೆಗೆ ಕೊಡಬೇಡಿ, ಟೋಕನ್ನು ಸಿಮ್ಮು ಕೈಬಿಡಬೇಡಿ ಅನ್ನೋದು ನಮ್ಮ ಮೊದಲ ಮಾತು. ಸುಮ್ಮನೆ ಬೇಡ ಅಂದರೆ ಸಾಲದು, ಬೇಡ ಅಂದ ಮೇಲೆ ನಮ್ಮದೇ ಕೆಲಸ ನಾವು ಹೇಗೆ ಹಿಡಿಯೋದು ಅನ್ನೋದು ಗೊತ್ತಿರಬೇಕು. ಇದರ ಬಗ್ಗೆ ನಮ್ಮ ಸಭೆಗಳಲ್ಲಿ ಯಾರೂ ಮಾತಾಡೋದಿಲ್ಲ. ಅದಕ್ಕೇ ಈ ಬರಹ.

ಮೊದಲು ಕಾನೂನು. ನಮ್ಮ ರಾಜ್ಯದಲ್ಲಿ ಸರ್ಕಾರ ಏನೇ ಕಟ್ಟಿಸಬೇಕಾದರೂ, ಕೊಳ್ಳಬೇಕಾದರೂ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಪ್ರಕಾರ ಮಾಡಬೇಕು. ಕಛೇರಿಗಳಲ್ಲಿ ಇದನ್ನ ಕೆ.ಟಿ.ಪಿ.ಪಿ. ಅಂತಾರೆ. ಇದಕ್ಕೆ ತಿದ್ದುಪಡಿ ತಂದು ನಿರ್ಮಾಣ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ 17.15, ಪರಿಶಿಷ್ಟ ಪಂಗಡಕ್ಕೆ ಶೇಕಡಾ 6.95 ಮೀಸಲು ಮಾಡಿದರು. ಮೊದಲು 50 ಲಕ್ಷ ರೂಪಾಯಿವರೆಗಿನ ಕೆಲಸಕ್ಕೆ ಮಾತ್ರ ಇತ್ತು, 2023ರಲ್ಲಿ ಅದು 1 ಕೋಟಿಗೆ ಏರಿತು. 2025ರ ಮಾರ್ಚಿನಲ್ಲಿ 2 ಕೋಟಿಗೆ ಏರಿಸೋ ಮಸೂದೆಯನ್ನ ವಿಧಾನಮಂಡಲ ಒಪ್ಪಿತು. ಅದೇ ಮಸೂದೆಯಲ್ಲಿ ಮುಸ್ಲಿಮರ 2ಬಿ ಪ್ರವರ್ಗಕ್ಕೆ ಶೇಕಡಾ 4 ಸೇರಿತ್ತು ಅಂತ ದೊಡ್ಡ ಗಲಾಟೆ ಎದ್ದು, ಏಪ್ರಿಲಿನಲ್ಲಿ ರಾಜ್ಯಪಾಲರು ಅದನ್ನ ರಾಷ್ಟ್ರಪತಿಗಳಿಗೆ ಕಳಿಸಿದರು. ಆದ್ದರಿಂದ ನೀವು ಟೆಂಡರು ಹಾಕೋ ದಿನ ಯಾವ ಮಿತಿ ನಡೀತಾ ಇದೆ ಅನ್ನೋದನ್ನ ಟೆಂಡರು ಪ್ರಕಟಣೆಯಲ್ಲೇ ಓದ್ಕೊಳ್ಳಿ. ಭಾಷಣದಲ್ಲಿ ಕೇಳಿದ್ದನ್ನ ನಂಬಿ ಹೋಗಬೇಡಿ, ನಮ್ಮ ಭಾಷಣವನ್ನೂ ಸೇರಿಸಿ.

ಮೀಸಲಾತಿ ತಪ್ಪಿಸೋ ವಿದ್ಯೆಯೂ ಜೊತೆಗೇ ಹುಟ್ಟಿದೆ. ಹತ್ತು ಕೇರಿಯ ಹತ್ತು ಚರಂಡಿ ಅಂದರೆ ಹತ್ತು ಸಣ್ಣ ಕೆಲಸ. ಹತ್ತನ್ನೂ ಒಂದೇ ಗಂಟು ಕಟ್ಟಿ ‘ಪ್ಯಾಕೇಜು’ ಅಂದುಬಿಟ್ಟರೆ ಮೊತ್ತ ಮಿತಿ ದಾಟುತ್ತೆ, ಮೀಸಲಾತಿ ಬಾಗಿಲಾಚೆ ಉಳಿಯುತ್ತೆ. ಇನ್ನೊಂದು ದಾರಿ ಅದೇ ಕಾಯ್ದೆಯ 4(ಜಿ). ಈ ವಿನಾಯಿತಿ ಇಟ್ಕೊಂಡು ಟೆಂಡರೇ ಕರೆಯದೆ ಸರ್ಕಾರಿ ಸಂಸ್ಥೆಗಳಿಗೆ ಕೆಲಸ ಒಪ್ಪಿಸಬಹುದು. ಆಮೇಲೆ ಅಲ್ಲಿ ಕೆಲಸ ಮಾಡೋರು ಯಾರು ಅಂತ ನೀವೇ ಹೋಗಿ ನೋಡಿ. ನಮ್ಮ ಕೇರಿಗೆ ಅಂತಲೇ ಬರೋ ಉಪಯೋಜನೆ ಹಣದ ಕೆಲಸಗಳೂ ಈ ಎರಡು ಕಿಂಡಿಗಳಲ್ಲಿ ಸೋರ್ತಾವೆ.

ಕೇಂದ್ರ ಸರ್ಕಾರದ್ದು ಬೇರೆ ದಾರಿ. ಅಲ್ಲಿ 2012ರ ಖರೀದಿ ನೀತಿ ಇದೆ. ಕೇಂದ್ರದ ಇಲಾಖೆಗಳು ಮತ್ತು ಬೆಂಗಳೂರಿನ ಎಚ್.ಎ.ಎಲ್., ಬಿ.ಇ.ಎಲ್.ನಂಥ ಸಾರ್ವಜನಿಕ ಕಾರ್ಖಾನೆಗಳು ವರ್ಷದ ಖರೀದಿಯಲ್ಲಿ ಶೇಕಡಾ 25ನ್ನ ಸಣ್ಣ ಮತ್ತು ಅತಿ ಸಣ್ಣ ಘಟಕಗಳಿಂದ ಕೊಳ್ಳಬೇಕು. ಅದರೊಳಗೆ ಶೇಕಡಾ 4 ಪರಿಶಿಷ್ಟ ಜಾತಿ ಪಂಗಡದವರ ಘಟಕಗಳಿಂದ ಬರಬೇಕು. ನೀವು ಹೇಳಿದ ದರ ಎಲ್ಲರಿಗಿಂತ ಕಡಿಮೆ ಇಲ್ಲದಿದ್ದರೂ, ಕಡಿಮೆ ದರದ ಮೇಲೆ ಶೇಕಡಾ 15ರ ಒಳಗಿದ್ದರೆ, ಆ ಕಡಿಮೆ ದರಕ್ಕೆ ಇಳಿಯೋಕೆ ಒಪ್ಪಿ ಒಂದು ಪಾಲು ಸರಬರಾಜು ಮಾಡಬಹುದು. ಟೆಂಡರು ಫಾರಂ ಪುಕ್ಕಟೆ, ಇ.ಎಂ.ಡಿ. ಠೇವಣಿಯೂ ಬೇಡ. ಇಷ್ಟೆಲ್ಲ ಇದ್ದೂ ಆ ಶೇಕಡಾ 4 ವರ್ಷ ವರ್ಷವೂ ತುಂಬದೆ ಉಳೀತಾ ಬಂದಿದೆ. ಯಾಕೆಂದರೆ ನೀತಿಯಲ್ಲೇ ಬರೆದಿದ್ದಾರೆ: ಪರಿಶಿಷ್ಟರ ಘಟಕಗಳು ಮುಂದೆ ಬರದಿದ್ದರೆ ಆ ಪಾಲನ್ನ ಬೇರೆ ಸಣ್ಣ ಘಟಕಗಳಿಂದ ಭರ್ತಿ ಮಾಡ್ಕೊಳ್ಳಬಹುದು. ನಾವು ಹೋಗದೇ ಇರೋದು ಅವರಿಗೆ ಅನುಕೂಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಚೆನ್ನಾಗಿ ತಿಳ್ಕೊಳ್ಳಿ. ಈ ಅನುಕೂಲ ತಯಾರು ಮಾಡೋನಿಗೆ ಮತ್ತು ಸೇವೆ ಕೊಡೋನಿಗೆ. ಕೊಂಡು ತಂದು ಮಾರೋನಿಗೆ ಇಲ್ಲ. ಚಿಕ್ಕಪೇಟೆಯಲ್ಲಿ ಬಟ್ಟೆ ಕೊಂಡು ಕಾರ್ಖಾನೆಗೆ ಕೊಟ್ಟರೆ ನೀವು ವ್ಯಾಪಾರಿ. ಅದೇ ಬಟ್ಟೆಯಲ್ಲಿ ನಿಮ್ಮ ಅಕ್ಕ ನಾಲ್ಕು ಮಿಷನ್ನು ಹಾಕಿ ಕೈಗವಸು, ಏಪ್ರನ್ನು ಹೊಲಿದು ಕೊಟ್ಟರೆ ಅವಳು ಉತ್ಪಾದಕಿ. ಪಾಲುದಾರಿಕೆ ಮಾಡಿದರೆ ಪರಿಶಿಷ್ಟರ ಪಾಲು ಕನಿಷ್ಠ ಶೇಕಡಾ 51 ಇರಬೇಕು. ‘ನೀನು 51, ನಾನು 49, ದುಡ್ಡೆಲ್ಲ ನಂದು’ ಅಂತ ಯಾರಾದರೂ ಬಂದರೆ ಮೇಲೆ ಹೇಳಿದ ಬೈಕಿನ ಕತೆ ನೆನಪಿಸ್ಕೊಳ್ಳಿ. ಉದ್ಯಮ್ ನೋಂದಣಿ 2020ರ ಜುಲೈಯಿಂದ ಇದೆ, ಅದಕ್ಕೆ ಒಂದು ಪೈಸೆ ಶುಲ್ಕ ಇಲ್ಲ. ಸೈಬರ್ ಅಂಗಡಿಯವನು ಎರಡು ಸಾವಿರ ಕೇಳಿದರೆ ಎದ್ದು ಬನ್ನಿ.

ಇನ್ನು ಲೆಕ್ಕಕ್ಕೆ ಬರೋಣ. ನಮ್ಮ ಹುಡುಗರು ಮುರಿದು ಬೀಳೋದು ಕಾನೂನಿನಲ್ಲಲ್ಲ, ಲೆಕ್ಕದಲ್ಲಿ.

ಕೇರಿಯ ಚರಂಡಿ ಒಂದು, ಜಿ.ಎಸ್.ಟಿ. ಸೇರಿ 10 ಲಕ್ಷಕ್ಕೆ ಟೆಂಡರು ಆಯ್ತು ಅಂತ ಇಟ್ಕೊಳ್ಳಿ. ಕೈಗೆ 10 ಲಕ್ಷ ಬಂತು ಅಂತ ಕುಣೀಬೇಡಿ. ಅದರೊಳಗೆ ಶೇಕಡಾ 18ರ ಜಿ.ಎಸ್.ಟಿ. 1,52,542 ಸರ್ಕಾರದ್ದು. ನಿಮ್ಮದು 8,47,458. ಸಿಮೆಂಟು, ಕಬ್ಬಿಣ, ಜಲ್ಲಿ, ಕೂಲಿ, ಶೇಕಡಾ 1ರ ಕಾರ್ಮಿಕ ಸೆಸ್ಸು ಎಲ್ಲ ಸೇರಿ 7 ಲಕ್ಷ 60 ಸಾವಿರ ಆದರೆ ಉಳಿಯೋದು 87 ಸಾವಿರ ಚಿಲ್ಲರೆ. ನೋಡೋಕೆ ಚೆನ್ನಾಗಿದೆ. ಆದರೆ ಆ 7 ಲಕ್ಷ 60 ಸಾವಿರ ಮೊದಲು ಹಾಕೋದು ನೀವು. ನಿಮ್ಮ ಹತ್ರ 1 ಲಕ್ಷ 60 ಸಾವಿರ ಇತ್ತು, 6 ಲಕ್ಷವನ್ನ ಮೂರು ರೂಪಾಯಿ ಬಡ್ಡಿಗೆ ತಂದಿರಿ. ತಿಂಗಳಿಗೆ 18 ಸಾವಿರ. ಕೆಲಸ ಮೂರು ತಿಂಗಳು, ಬಿಲ್ಲು ಪಾಸಾಗೋಕೆ ಇನ್ನಾರು ತಿಂಗಳು. ಒಂಬತ್ತು ತಿಂಗಳ ಬಡ್ಡಿ 1,62,000. ಲಾಭ 87 ಸಾವಿರ, ಬಡ್ಡಿ 1 ಲಕ್ಷ 62 ಸಾವಿರ. ಸರ್ಕಾರದ ಚರಂಡಿಗೆ ನೀವು ಕೈಯಿಂದ ಮುಕ್ಕಾಲು ಲಕ್ಷ ಕೊಟ್ಟು ಬಂದಿರಿ! ಅದೇ 6 ಲಕ್ಷ ವರ್ಷಕ್ಕೆ ಶೇಕಡಾ 12ರ ಬ್ಯಾಂಕ್ ಸಾಲ ಆಗಿದ್ದರೆ ಬಡ್ಡಿ 54 ಸಾವಿರ, ಕೈಯಲ್ಲಿ 33 ಸಾವಿರವಾದರೂ ಉಳೀತಿತ್ತು.

ಬಡ್ಡಿ ವ್ಯಾಪಾರದವನಿಗೆ ಈ ಲೆಕ್ಕ ಹುಟ್ಟುತ್ತಲೇ ಗೊತ್ತು, ನಾವು ಇಂಜಿನಿಯರಿಂಗ್ ಓದಿದರೂ ಗೊತ್ತಿಲ್ಲ. ಟೆಂಡರಿಗೆ ಬೆಲೆ ಬರೆಯೋ ಮೊದಲು ಬಿಲ್ಲು ಎಷ್ಟು ತಿಂಗಳಿಗೆ ಬರುತ್ತೆ ಅಂತ ಆ ಕಛೇರಿಯಲ್ಲಿ ಕೆಲಸ ಮಾಡಿದ ನಾಲ್ಕು ಜನರನ್ನ ಕೇಳಿ. ಆ ತಿಂಗಳುಗಳ ಬಡ್ಡಿಯನ್ನ ಖರ್ಚಿನ ಪಟ್ಟಿಯಲ್ಲಿ ಬರೀರಿ. ಅದನ್ನ ಸೇರಿಸಿದರೆ ಟೆಂಡರು ಸಿಗಲ್ಲ ಅನ್ನಿಸಿದರೆ ಆ ಟೆಂಡರು ನಮಗೆ ಬೇಡ. ಶೇಕಡಾ ಇಪ್ಪತ್ತು ಮೈನಸ್ ಹಾಕಿ ಕೆಲಸ ಹಿಡಿಯೋದು ಶೂರತನ ಅಲ್ಲ. ಹಾಗೆ ಹಿಡಿದವನು ಕೊನೆಗೆ ಎಲ್ಲಿ ಮುರೀತಾನೆ? ಸಿಮೆಂಟಿನಲ್ಲಿ, ಇಲ್ಲವೇ ಕೂಲಿಯಲ್ಲಿ. ಎರಡೂ ನಮ್ಮ ಕೇರಿಯದೇ.

ಬಿಲ್ಲಿನಲ್ಲಿ ಹಿಡಿಯೋ ಆದಾಯ ತೆರಿಗೆಯ ಶೇಕಡಾ 1, ಜಿ.ಎಸ್.ಟಿ.ಯ ಶೇಕಡಾ 2 ನಿಮ್ಮದೇ ದುಡ್ಡು. ರಿಟರ್ನು ಹಾಕಿದರೆ ನಿಮ್ಮ ಲೆಕ್ಕಕ್ಕೆ ಜಮಾ ಆಗುತ್ತೆ, ಹಾಕದಿದ್ದರೆ ಹೋಯ್ತು. ಸಿಮೆಂಟು ಕಬ್ಬಿಣಕ್ಕೆ ರಸೀದಿ ಇಲ್ಲದೆ ‘ಸ್ವಲ್ಪ ಕಮ್ಮಿಗೆ ಕೊಡ್ತೀನಿ’ ಅಂದರೆ ತಗೋಬೇಡಿ. ಆ ರಸೀದಿಯಲ್ಲಿರೋ ತೆರಿಗೆಯೇ ನಿಮ್ಮ ಜಿ.ಎಸ್.ಟಿ.ಯಲ್ಲಿ ಕಳೆಯೋದು.

ಕೆಲಸ ನಡೆಯೋ ಜಾಗದಲ್ಲಿ ಇನ್ನೊಂದು ಹಳ್ಳ ಇದೆ. ಜೆ.ಇ. ಸಾಹೇಬರು ಬಂದು ಹೆಗಲ ಮೇಲೆ ಕೈ ಹಾಕ್ತಾರೆ. ‘ಇನ್ನೊಂದು ಹದಿನೈದು ಮೀಟರು ಎಳೆದುಬಿಡಪ್ಪಾ, ಆಮೇಲೆ ಸೇರಿಸೋಣ’ ಅಂತಾರೆ. ಆ ‘ಆಮೇಲೆ’ ಯಾವತ್ತೂ ಬರೋದಿಲ್ಲ. ದುಡ್ಡು ಬರೋದು ನೀವು ಕಟ್ಟಿದ್ದಕ್ಕಲ್ಲ, ಅಳತೆ ಪುಸ್ತಕದಲ್ಲಿ ಏರಿದ್ದಕ್ಕೆ. ಹೆಚ್ಚುವರಿ ಕೆಲಸಕ್ಕೆ ಬರಹದಲ್ಲಿ ಆದೇಶ ಕೇಳಿ. ಕೇಳೋಕೆ ಸಂಕೋಚವಾದರೆ ನೀವೇ ಒಂದು ಪತ್ರ ಬರೆದು, ‘ತಾವು ಈ ದಿನ ಸ್ಥಳದಲ್ಲಿ ಸೂಚಿಸಿದಂತೆ’ ಅಂತ ಶುರು ಮಾಡಿ ಕಛೇರಿಯಲ್ಲಿ ಕೊಟ್ಟು ಸೀಲು ಹಾಕಿಸ್ಕೊಳ್ಳಿ. ಅಡಿಪಾಯ ಮುಚ್ಚೋ ಮೊದಲು ಫೋಟೋ ತೆಗೀರಿ. ಮಣ್ಣಿನಡಿ ಹೋದ ಕೆಲಸಕ್ಕೆ ಬೇರೆ ಸಾಕ್ಷಿ ಇಲ್ಲ. ಪಾಸಾದ ಹೊಸದರಲ್ಲಿ ಇದೆಲ್ಲ ಗೊತ್ತಾಗೋದಿಲ್ಲ. ಆದ್ದರಿಂದ ಡಿಪ್ಲೊಮಾ, ಐ.ಟಿ.ಐ. ಮುಗಿಸಿದವರು ಒಂದೆರಡು ವರ್ಷ ಯಾರದ್ದಾದರೂ ಕೆಲಸದಲ್ಲಿ ಸೂಪರ್‌ವೈಸರ್ ಆಗಿ ಸಂಬಳಕ್ಕೆ ದುಡೀರಿ. ಅಳತೆ ಹೇಗೆ ಬರೀತಾರೆ, ಬಿಲ್ಲು ಯಾವ ಮೇಜಿನಲ್ಲಿ ಎಷ್ಟು ದಿನ ಮಲಗುತ್ತೆ ಅಂತ ನೋಡಿ. ದುಡಿಯೋದು ಬೇರೆ, ಹೆಸರು ಕೊಡೋದು ಬೇರೆ.

ಪರ್ಸೆಂಟೇಜಿನ ಮಾತು ಬಿಟ್ಟರೆ ಈ ಬರಹ ಸುಳ್ಳಾಗುತ್ತೆ. 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ಪತ್ರ ಬರೆದು ಶೇಕಡಾ 40ರ ದೂರು ಹೇಳಿತ್ತು. ಮೇಲಿನ ಲೆಕ್ಕದಲ್ಲಿ 87 ಸಾವಿರ ಉಳೀತಲ್ಲ, ಅದರಲ್ಲಿ ಯಾರಿಗೆ ಎಷ್ಟು ಕೊಡ್ತೀರಿ? ಕೊಟ್ಟವನೂ ಅಪರಾಧಿ ಅಂತ 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿ ಆಗಿದೆ. ಒತ್ತಾಯಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಟ್ಟವನಿಗೆ ಮಾತ್ರ ರಕ್ಷಣೆ. ಒಬ್ಬನೇ ಲೋಕಾಯುಕ್ತಕ್ಕೆ ಹೋದರೆ ಮುಂದಿನ ಬಿಲ್ಲು ನಿಲ್ಲುತ್ತೆ ಅನ್ನೋ ಭಯ ನಮಗೂ ಗೊತ್ತು. ಆ ಭಯಕ್ಕೆ ನಮ್ಮ ಹತ್ರ ಸುಲಭದ ಮದ್ದಿಲ್ಲ. ತಾಲ್ಲೂಕಿನಲ್ಲಿ ನಮ್ಮ ಐದಾರು ಜನ ಸಣ್ಣ ಗುತ್ತಿಗೆದಾರರು ಒಟ್ಟಿಗೆ ಕೂತು ಒಂದೇ ಪತ್ರಕ್ಕೆ ಸಹಿ ಹಾಕಿದರೆ ಭಯ ಆರು ಪಾಲಾಗುತ್ತೆ, ಅಷ್ಟೇ ಹೇಳಬಲ್ಲೆವು.

ಸಾಮಾನು ಸರಬರಾಜು ಮಾಡೋರಿಗೆ, ಸೇವೆ ಕೊಡೋರಿಗೆ ಇನ್ನೊಂದು ಆಯುಧ ಇದೆ. 2006ರ ಎಂ.ಎಸ್.ಎಂ.ಇ. ಕಾಯ್ದೆ ಪ್ರಕಾರ ಸಣ್ಣ ಘಟಕಕ್ಕೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ. ಕೊಳ್ಳೋದು ಸರ್ಕಾರ ಆದರೂ ಬಿಡೋದಿಲ್ಲ. ದೂರು ಕೇಳೋಕೆ ಫೆಸಿಲಿಟೇಶನ್ ಕೌನ್ಸಿಲ್ ಇದೆ. ಆದರೆ ಸರಬರಾಜಿಗೆ ಮೊದಲೇ ಉದ್ಯಮ್ ನೋಂದಣಿ ಆಗಿರಲಿ, ಬಾಕಿ ಬಿದ್ದ ಮೇಲೆ ಓಡಿ ಹೋಗಿ ಮಾಡಿಸಿದರೆ ತಕರಾರು ಏಳುತ್ತೆ. ರಸ್ತೆ, ಕಟ್ಟಡದಂಥ ಕಾಮಗಾರಿಗೆ ಈ ಕಾಯ್ದೆ ನಡೆಯುತ್ತೋ ಇಲ್ಲವೋ ಅನ್ನೋದರಲ್ಲಿ ಕೋರ್ಟುಗಳಲ್ಲೇ ಭಿನ್ನ ಮಾತಿದೆ, ಅದನ್ನೇ ನಂಬ್ಕೊಂಡು ಸಾಲ ಮಾಡಬೇಡಿ. ಟೆಂಡರು ಅನ್ಯಾಯವಾಗಿ ಬೇರೆಯವರಿಗೆ ಹೋಯ್ತು ಅಂದರೆ ಕೆ.ಟಿ.ಪಿ.ಪಿ. ಕಾಯ್ದೆಯ 16ನೇ ಕಲಮಿನಲ್ಲಿ ಮೇಲ್ಮನವಿ ಇದೆ, ಆದೇಶ ಕೈಗೆ ಬಂದ 30 ದಿನದೊಳಗೆ ಹಾಕಬೇಕು. ನಮ್ಮವರು 30 ದಿನವನ್ನ ಎಂ.ಎಲ್.ಎ. ಮನೆ ಮುಂದೆ ಕಳೀತಾರೆ.

ಒಂದು ಗುತ್ತಿಗೆಯನ್ನ ಮಾತ್ರ ಯಾರೂ ಹಿಡಿಯಬೇಡಿ. ಒಳಚರಂಡಿ ಗುಂಡಿಗೆ ಮನುಷ್ಯನನ್ನ ಇಳಿಸೋ ಗುತ್ತಿಗೆ. ಯಂತ್ರ ತೋರಿಸಿ ಟೆಂಡರು ಹಿಡಿದು, ರಾತ್ರಿ ಹೊತ್ತು ಹುಡುಗರನ್ನ ಹಗ್ಗ ಕಟ್ಟಿ ಇಳಿಸ್ತಾರೆ. 2013ರ ಕಾಯ್ದೆಯಲ್ಲಿ ಅದು ಅಪರಾಧ, ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕಾಯ್ದೆ ಇರಲಿ ಬಿಡಲಿ, ಇಳಿಯೋನು ಯಾರ ಮನೆಯ ಮಗ ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮ ಹೆಸರಿನ ಬೋರ್ಡು ಹಾಕ್ಕೊಂಡು ನಮ್ಮವರನ್ನೇ ಗುಂಡಿಗೆ ಇಳಿಸಿದರೆ, ಹಿರಿಯರು ಗೊಣಗೋದರಲ್ಲಿ ತಪ್ಪೇನಿದೆ? ಕೂಲಿಯ ಮಾತೂ ಅಷ್ಟೇ. ಬಿಲ್ಲು ತಡವಾಯ್ತು ಅಂತ ಶನಿವಾರದ ಬಟವಾಡೆ ನಿಲ್ಲಿಸೋನು ನಮ್ಮ ಜಾತಿಯವನಾದರೇನು, ಬೇರೆಯವನಾದರೇನು. ಎರಡು ತಿಂಗಳ ಕೂಲಿ ದುಡ್ಡು ಬೇರೆ ತೆಗೆದಿಡೋಕೆ ಆಗದಿದ್ದರೆ ಕೆಲಸ ಶುರು ಮಾಡಬೇಡಿ.

ಓದ್ತಾ ಇರೋರು ನಾವೇನು ಮಾಡೋಣ ಅಂತ ಕೇಳ್ತೀರಿ. ಈಗಲೇ ಮಾಡೋ ಕೆಲಸ ಇದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು ತಗೊಳ್ಳಿ. ನಿಮ್ಮ ತಾಲ್ಲೂಕಿನ ಯಾವುದಾದರೂ ಒಂದು ಇಂಜಿನಿಯರಿಂಗ್ ಕಛೇರಿಗೆ ಮಾಹಿತಿ ಹಕ್ಕಿನ ಅರ್ಜಿ ಬರೀರಿ. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕಿರಬೇಕು, 150 ಪದ ಮೀರಬಾರದು, ಆದ್ದರಿಂದ ಭಾಷಣ ಬೇಡ. ಕಳೆದ ಆರ್ಥಿಕ ವರ್ಷದಲ್ಲಿ ಮೀಸಲಾತಿ ಮಿತಿಯೊಳಗಿನ ಕಾಮಗಾರಿಗಳು ಎಷ್ಟು, ಅದರಲ್ಲಿ ಪರಿಶಿಷ್ಟರಿಗೆ ಮೀಸಲಿಟ್ಟದ್ದು ಯಾವು ಯಾವು, ಯಾರಿಗೆ ಕೊಟ್ಟಿರಿ, ಪ್ಯಾಕೇಜು ಮಾಡಿದವು ಎಷ್ಟು, 4(ಜಿ)ಯಲ್ಲಿ ಹೋದವು ಎಷ್ಟು. ಇಷ್ಟೇ ಕೇಳಿ. ಹಾಸ್ಟೆಲಿನ ಆಹಾರ ಸರಬರಾಜಿನ ಟೆಂಡರಿನ ಬಗ್ಗೆ ಜಿಲ್ಲಾ ಸಮಾಜ ಕಲ್ಯಾಣ ಕಛೇರಿಗೆ ಇನ್ನೊಂದು ಅರ್ಜಿ ಬೇರೆಯಾಗಿ ಹಾಕಿ. ಒಬ್ಬ ಹುಡುಗನ ಹೆಸರಲ್ಲಿ ಹಾಕಿ ವಾರ್ಡನ್ನರ ಕೈಗೆ ಸಿಕ್ಕಿಸಬೇಡಿ, ಊರಿನ ವಿಳಾಸ ಕೊಟ್ಟು ನಾಲ್ಕೈದು ಜನ ಹಾಕಿ. 30 ದಿನ ಕಾಯಿರಿ.

ಮುಂದಿನ ಸಭೆಗೆ ಬರುವಾಗ ಬಂದ ಉತ್ತರ ತನ್ನಿ, ಮೊದಲು ಬರೆದ ಹಾಸ್ಟೆಲಿನ ಹಾಳೆಯನ್ನೂ ತನ್ನಿ. ಮೀಸಲು ಕೆಲಸ ಪಡೆದವರ ಪಟ್ಟಿಯಲ್ಲಿ ನಿಮ್ಮ ಪರಿಚಯದ ಹೆಸರು ಕಂಡರೆ ಸಿಟ್ಟಾಗಬೇಡಿ. ಅವನನ್ನೂ ಕರ್ಕೊಂಡು ಬನ್ನಿ, ಟೋಕನ್ನು ಯಾರ ಬೀರುವಿನಲ್ಲಿದೆ ಅಂತ ಕೂತು ಮಾತಾಡೋಣ. ಉತ್ತರವೇ ಬರದಿದ್ದರೆ ಅರ್ಜಿಯ ನಕಲು, ಅಂಚೆ ರಸೀದಿ ಸಾಕು. ಮೊದಲ ಮೇಲ್ಮನವಿ ಅಲ್ಲೇ ಬರೆದು ಕಳಿಸೋಣ.